ದೇವರಿಗೂ ಸಂಕೋಚ, ನನಗೂ

ಮಾರಾಯ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು, ಬಸ್ಸು ಬಂತು ಅಂತ ಇಟ್ಟುಬಿಟ್ಟೆ. ಬಸ್ಸು ಬಂದಿರಲಿಲ್ಲ. ನಮ್ಮೂರ ಬಸ್ಸು ನಿನಗೆ ಗೊತ್ತಲ್ಲ. "ದೇವರನ್ನ ಹಾರೆ ಹಾಕಿ ಮೀಟ್ತಾರಂತೆ, ಪಾಪ ಬರೋದಿಲ್ವೇನೋ?" ಅಂತ ನೀನು ಕೇಳಿದ್ದೆ. ಉಳಿದವರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಜೀರ್ಣೋದ್ಧಾರದಲ್ಲಿ ಹಾರೆ ಮುಟ್ಟುವ ಮೊದಲು ಕಲಾಸಂಕೋಚ ಆಗಬೇಕು. ಅನುಜ್ಞೆ ಕೇಳಿ, ಹೋಮ ಮಾಡಿ, ಬಿಂಬದ, ಅಂದರೆ ಮೂರ್ತಿಯ, ಕಲೆಯನ್ನು (ಅದರೊಳಗಿನ ದೇವರ ಶಕ್ತಿಯನ್ನು) ನೂಲು ಸುತ್ತಿದ ಕುಂಭದ ನೀರಿಗೆ ಇಳಿಸಿಕೊಂಡು ಬಾಲಾಲಯಕ್ಕೆ ಒಯ್ಯುವುದು. ಬಾಲಾಲಯ ಅಂದರೆ ಈಗ ಹೆಚ್ಚಾಗಿ ತಗಡಿನ ಶೆಡ್ಡು. ಕೆಲಸ ಮುಗಿಯುವವರೆಗೆ ಪೂಜೆ, ನೈವೇದ್ಯ ಎಲ್ಲ ಅಲ್ಲೇ. ನಾಶ ಅಂತ ನಾವು ತಿಳಿಯುವ 'ಸಂಹಾರ' ಪದದ ಧಾತುವೂ ಇದನ್ನೇ ಹೇಳುತ್ತೆ: 'ಹೃ' ಅಂದರೆ ಒಯ್ಯು, ಜೊತೆಗೆ 'ಸಂ' ಸೇರಿದರೆ ಒಟ್ಟುಮಾಡಿ ಒಳಗೆಳೆದುಕೋ. 432 ಕೋಟಿ ವರ್ಷದ ಬ್ರಹ್ಮನ ಹಗಲು ಮುಗಿದಾಗ ಆಗುವ ಪ್ರಳಯವೂ ಅಷ್ಟೇ, ಸೃಷ್ಟಿಯನ್ನೆಲ್ಲ ಒಳಗೆಳೆದುಕೊಳ್ಳುವುದು. ನಮ್ಮ ಇಕ್ಕೇರಿಯ ದೇವರ ಹೆಸರು ನೋಡು, ಅಘೋರೇಶ್ವರ. ಶಿವನ ಐದು ಮುಖಗಳಲ್ಲಿ ದಕ್ಷಿಣದ್ದು ಅಘೋರ, ಸಂಹಾರದ ಮುಖ. ಅದಕ್ಕೇ ಹುಡುಕಿ 'ಘೋರವಲ್ಲದ್ದು' ಅಂತ ಹೆಸರಿಟ್ಟಿದ್ದಾರೆ.

ಹಳೆ ಬಿಂಬಕ್ಕೆ ಅಗ್ನಿಪುರಾಣದಲ್ಲಿ ವಿಧಿ ಇದೆ. ಮರದ್ದು ಬೆಂಕಿಗೆ, ಕಲ್ಲಿನದು ನೀರಿಗೆ, ಲೋಹದ್ದು ರತ್ನದ್ದು ಆಳದ ನೀರಿಗೆ ಇಲ್ಲವೇ ಸಮುದ್ರಕ್ಕೆ. ಹೊಸದು ಹಳೆಯದರ ಅಳತೆಯದೇ, ಅದೇ ದ್ರವ್ಯದ್ದೇ ಆಗಬೇಕು. ಈ ಸಾಲು ಓದಿ ಹೇಳುವಷ್ಟರಲ್ಲಿ ಸಮಿತಿಯವರು ಒಂದಡಿ ಎತ್ತರ ಹೆಚ್ಚಿಸಿ ಶಿಲ್ಪಿಗೆ ಅಡ್ವಾನ್ಸ್ ಕೊಟ್ಟಾಗಿರುತ್ತೆ.

ಹೊಸ ಬಿಂಬ ನೀರಲ್ಲಿ, ಧಾನ್ಯದಲ್ಲಿ, ಶಯ್ಯೆಯಲ್ಲಿ ಅಧಿವಾಸ, ಅಂದರೆ ಪ್ರತಿಷ್ಠೆಗೆ ಮೊದಲಿನ ವಾಸ, ಮುಗಿಸಿ ಪೀಠಕ್ಕೆ ಬಂದ ಮೇಲೆ ಬೆವರಿಳಿಸುವ ಕೆಲಸ ಅಷ್ಟಬಂಧದ್ದು, ಬಿಂಬವನ್ನು ಪೀಠಕ್ಕೆ ಕಚ್ಚಿಸುವ ಅಂಟಿನದ್ದು. ಎಂಟು ದ್ರವ್ಯದ ಪಟ್ಟಿ ಪದ್ಧತಿಗೊಂದು ಬಗೆ. ಅರಗು, ರಾಳ, ಜೇನುಮೇಣ, ಕಾವಿಮಣ್ಣು, ಎಮ್ಮೆಬೆಣ್ಣೆ ಸೇರಿಸುವುದು ಒಂದು ಕ್ರಮ. ಕುಟ್ಟಿ ಕುಟ್ಟಿ ಬಿಸಿಯೇರಿ, ಕೈಗೆ ಹಿಟ್ಟಿನಂತೆ ಬರಬೇಕು. ಆಮೇಲೆ ಬತ್ತಿ ಹೊಸೆದು ಬಿಂಬ, ಪೀಠದ ನಡುವಿನ ಸಂದಿಗೆ ಒತ್ತುವುದು. ಕೈಸೋತು ಬೇಗ ನಿಲ್ಲಿಸಿದರೆ ಗಂಟು ಉಳಿಯುತ್ತೆ, ಒಣಗಿದಾಗ ಬಿರುಕು, ಬಿರುಕಿಗೆ ಅಭಿಷೇಕದ ನೀರು, ಕೊನೆಗೆ ದೇವರೇ ಅಲುಗಾಡ್ತಾನೆ. ಚೆನ್ನಾಗಿ ಆದದ್ದನ್ನೂ 12 ವರ್ಷಕ್ಕೊಮ್ಮೆ ಕೆರೆದು ತೆಗೆದು ಹೊಸದು ಹಾಕುವ ರೂಢಿ. ಅಂದರೆ ಒತ್ತುವಾಗಲೇ ಕೀಳುವ ವರ್ಷ ಗೊತ್ತಿರುತ್ತೆ.

ಆಮೇಲೆ ಬ್ರಹ್ಮಕಲಶದ ಅಭಿಷೇಕ, ಊಟ, ಭಾಷಣ.

ಇಷ್ಟೆಲ್ಲ ಗಟ್ಟಿ ದನಿಯಲ್ಲಿ ಹೇಳುವ ನಾನು ಹಾರೆ ಒಳಗೆ ಹೋಗುವ ಹೊತ್ತಿಗೆ ಎಲೆಯಡಿಕೆ ನೆಪದಲ್ಲಿ ಹೊರಗಿರುತ್ತೇನೆ. ಕುಂಭ ಹೊರಟ ಮೇಲೆ ಉಳಿದದ್ದು ಬರೀ ಕಲ್ಲು ಅಂತ ಊರಿಗೆಲ್ಲ ವಿವರಿಸುವವನೂ ನಾನೇ. ಆ ಕಲ್ಲಿಗೆ ಕಾಲು ತಾಗಿದರೆ ಮಾತ್ರ ಕೈ ತಾನಾಗಿ ಕಣ್ಣಿಗೆ ಹೋಗುತ್ತೆ. ತುಂಬುವ ಮಂತ್ರದಲ್ಲಿ ನಂಬಿಕೆ, ತೆಗೆಯುವ ಮಂತ್ರದಲ್ಲಿ ಅನುಮಾನ. ಹಾಗಾದರೆ ತುಂಬಿದ್ದಾದರೂ ನಿಜವಾ ಅಂತ ಈಚೆಗೆ ನಡುರಾತ್ರಿ ಎಚ್ಚರವಾಗುತ್ತೆ, ಮಾರಾಯ. ದಕ್ಷಿಣೆ ತಗೊಳ್ಳುವವನು ಬರೆಯುವ ಮಾತಲ್ಲ ಇದು.

ಅಳಿಸೋಣ ಅಂದುಕೊಂಡೆ. ಇಲ್ಲಿ ನೆಟ್‌ವರ್ಕ್ ಸಿಕ್ಕಾಗ ಕಳಿಸಿಬಿಡಬೇಕು, ಯೋಚನೆ ಮಾಡ್ತಾ ಕೂತರೆ ಅದೂ ಹೋಗುತ್ತೆ. ಓದಿದ ಯಜಮಾನರು ಯಾರಾದರೂ ಇದ್ದರೆ, ಮುಂದಿನ ಕಲಶಕ್ಕೂ ನನ್ನನ್ನೇ ಕರೀರಿ, ಕುಟ್ಟುವುದರಲ್ಲಿ ಮೋಸ ಇಲ್ಲ.

ನಿನ್ನ ಛತ್ರಿ ಇನ್ನೂ ನನ್ನ ಹತ್ತಿರವೇ ಇದೆ. ಬಟ್ಟೆಯೆಲ್ಲ ಹೋಗಿ ಕಡ್ಡಿ ಉಳಿದಿದೆ. ಕಲಾಸಂಕೋಚ ಆಗಿದೆ ಅಂತ ತಿಳ್ಕೋ. ಬಿಂಬ ಬೇಕಾದರೆ ಬಂದು ತಗೊಂಡು ಹೋಗು.

ನಿನ್ನ,
ಅದೇ ಅರ್ಧ ಭಟ್ಟ