ಹವಳಕ್ಕೂ ಆಹಾರ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಮನೆಗಳಲ್ಲಿ ನಲವತ್ತು, ಐವತ್ತು ಲೀಟರಿನ ಪುಟ್ಟ ಸಮುದ್ರ ಅಕ್ವೇರಿಯಂ ಇಟ್ಟುಕೊಂಡು ಕಲ್ಲಿನಂಥ ಗೂಡು ಕಟ್ಟದ ಸಮುದ್ರಜೀವಿಗಳಾದ ಮೃದು ಹವಳಗಳನ್ನು ಸಾಕುವವರು ಈಗ ಕಡಿಮೆಯೇನಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮ ಊರಿನ ಹವೆಯೂ ಇದಕ್ಕೆ ಅನುಕೂಲವೇ; ಬೇಸಿಗೆಯ ಎರಡು ಮೂರು ತಿಂಗಳು ಬಿಟ್ಟರೆ ಟ್ಯಾಂಕಿನ ನೀರನ್ನು 25, 26 ಡಿಗ್ರಿಯಲ್ಲಿ ಉಳಿಸಿಕೊಳ್ಳಲು ಚೆನ್ನೈಯವರಷ್ಟು ಪಾಡುಪಡಬೇಕಿಲ್ಲ. ಆದರೂ ಉಪ್ಪಿನಂಶ, ಉಷ್ಣತೆ, ಬೆಳಕು ಎಲ್ಲವೂ ಸರಿಯಿರುವ ಟ್ಯಾಂಕುಗಳಲ್ಲೇ ಲೆದರ್ ಕೋರಲ್ ಎಂಬ ಹವಳ ಹೂವಿನಂಥ ತನ್ನ ಪುಟ್ಟ ಪಾಲಿಪ್‌ಗಳನ್ನು ಚಾಚದೆ ಕುಗ್ಗಿ ನಿಲ್ಲುವುದನ್ನೂ, ಝೋವಾ ಎಂಬ ಗುಂಡಿಯಂಥ ಹವಳಗಳು ಹಗಲೆಲ್ಲ ಮುಚ್ಚಿಕೊಂಡಿರುವುದನ್ನೂ, ಮಶ್ರೂಮ್ ಹವಳಗಳು ಬಣ್ಣ ಕಳೆದುಕೊಂಡು ಕಲ್ಲಿನಿಂದ ಕಳಚಿಕೊಳ್ಳುವುದನ್ನೂ ಪದೇ ಪದೇ ನೋಡುತ್ತಿದ್ದೇನೆ. ನೀರನ್ನು ಪರೀಕ್ಷಿಸಿದರೆ ಬಹಳಷ್ಟು ಸಲ ಸಿಗುವ ಉತ್ತರ ಒಂದೇ: ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಅಂಗಡಿಯಲ್ಲಿ ಹಾಗೇ ಇರಬೇಕೆಂದು ಹೇಳಿಕೊಟ್ಟಿರುವುದರಿಂದ ಸಾಕುವವರು ಆ ಸೊನ್ನೆಯನ್ನು ಸಂತೋಷದಿಂದಲೇ ತೋರಿಸುತ್ತಾರೆ. ಈ ಸಲಹೆ ಹವಳಗಳನ್ನು ಉಪವಾಸ ಕೆಡವುತ್ತಿದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ತಿಳಿಸಲು ಬಯಸುತ್ತೇನೆ.

ಈ ಹವಳಗಳ ಜೀವಕೋಶಗಳೊಳಗೆ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ಸಕ್ಕರೆಯನ್ನು ತಯಾರಿಸಿ ಅದರ ದೊಡ್ಡ ಪಾಲನ್ನು ಹವಳಕ್ಕೆ ಬಿಟ್ಟುಕೊಡುತ್ತವೆ. ಆದರೆ ಬೆಳಕೊಂದರಿಂದಲೇ ಆ ಪಾಚಿ ಬದುಕಲಾರದು; ನೈಟ್ರೇಟ್, ಫಾಸ್ಫೇಟ್‌ಗಳಲ್ಲಿರುವ ಸಾರಜನಕವೂ ರಂಜಕವೂ ಸಿಗದಿದ್ದರೆ ಗೊಬ್ಬರ ಕಾಣದ ಕುಂಡದ ಗಿಡದಂತೆ ಸೊರಗುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವು ಫಾಸ್ಫೇಟ್ ಕೊರತೆಯಿಂದ ಹವಳ ಬಿಳಿಚಿಕೊಳ್ಳುತ್ತದೆ ಎಂಬುದನ್ನು ತೋರಿಸಿಕೊಟ್ಟಿತು. ಆ ಪ್ರಯೋಗ ನಡೆದದ್ದು ಕಲ್ಲಿನಂಥ ಗೂಡು ಕಟ್ಟುವ ಗಟ್ಟಿ ಹವಳದ ಮೇಲೆ. ಆದರೆ ಪಾಚಿಯೊಂದಿಗಿನ ಈ ಸಹಬಾಳ್ವೆ ನಾವು ಸಾಕುವ ಮೃದು ಹವಳಗಳಲ್ಲೂ ಇದೆ. ಹಸಿದ ಹವಳದ ಮೇಲೆ ಪ್ರಖರವಾದ ಎಲ್‌ಇಡಿ ದೀಪವನ್ನು ಹಾಯಿಸಿದರೆ ಅದರ ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ.

ಸೊನ್ನೆಯ ಪರವಾಗಿ ವಾದಿಸುವವರು ಸಮುದ್ರದ ಉದಾಹರಣೆ ಕೊಡುತ್ತಾರೆ. ಹವಳದ ದಿಬ್ಬಗಳ ಸುತ್ತಲಿನ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಬಹಳ ಕಡಿಮೆ ಎಂಬುದು ನಿಜ. ಆದರೆ ಅಲ್ಲಿ ನೀರು ನಿಂತಿರುವುದಿಲ್ಲ. ಪ್ರವಾಹವು ಹಗಲೂ ರಾತ್ರಿ ಹೊಸ ನೀರನ್ನೂ ಅದರೊಂದಿಗೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲಾಂಕ್ಟನನ್ನೂ ತರುತ್ತಲೇ ಇರುತ್ತದೆ, ಮೇಲಾಗಿ ಮೀನುಗಳ ಹಿಂಡುಗಳು ಕಿವಿರುಗಳಿಂದ ಹೊರಬಿಡುವ ಅಮೋನಿಯಾವನ್ನು ಹವಳಗಳು ನೇರವಾಗಿ ಹೀರಿಕೊಳ್ಳುತ್ತವೆ. ಐವತ್ತು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಎರಡು ಪುಟ್ಟ ಮೀನುಗಳಿಗೆ ಅಳೆದು ತೂಗಿ ಆಹಾರ ಹಾಕಿ, ನೊರೆಯೆಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರನ್ನು ಇಡೀ ದಿನ ಓಡಿಸಿ, ಫಾಸ್ಫೇಟ್ ಹೀರುವ ಕಬ್ಬಿಣದ ಹರಳುಗಳನ್ನೂ ಇಟ್ಟರೆ ಇವುಗಳಲ್ಲಿ ಯಾವುದೂ ಉಳಿಯುವುದಿಲ್ಲ. ಲೆದರ್, ಝೋವಾಗಳಂಥ ಎಷ್ಟೋ ಜಾತಿಗಳು ತಿಳಿನೀರಿನಲ್ಲಷ್ಟೇ ಅಲ್ಲದೆ ದಡದ ಸಮೀಪದ ಕದಡಿದ, ಪೋಷಕಾಂಶ ಹೆಚ್ಚಿರುವ ನೀರಿನಲ್ಲೂ ಸೊಂಪಾಗಿ ಬೆಳೆಯುವಂಥವು ಎಂಬುದನ್ನು ನಾವು ಮರೆಯಬಾರದು.

ಸೊನ್ನೆಗೆ ಇಳಿಸಿದ ನೀರಿನಲ್ಲಿ ಇನ್ನೊಂದು ಅಪಾಯವೂ ಕಾದಿರುತ್ತದೆ. ಇತರ ಪಾಚಿಗಳೂ ಬ್ಯಾಕ್ಟೀರಿಯಾಗಳೂ ಸೊರಗಿದ ಜಾಗವನ್ನು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳು ಆಕ್ರಮಿಸಿ, ಗುಳ್ಳೆಗಳಿಂದ ಕೂಡಿದ ಕಂದು ಲೋಳೆಯಾಗಿ ಮರಳು, ಕಲ್ಲು, ಹವಳಗಳನ್ನೆಲ್ಲ ಮುಚ್ಚಿಬಿಡುತ್ತವೆ. ಅದನ್ನು ಕಂಡವರು ನೀರು ಕೊಳೆಯಾಗಿದೆ ಎಂದುಕೊಂಡು ಇನ್ನಷ್ಟು ನೀರು ಬದಲಾಯಿಸುತ್ತಾರೆ, ಉಳಿದಿದ್ದ ಅಲ್ಪಸ್ವಲ್ಪ ಪೋಷಕಾಂಶವೂ ಹೋಗಿ ರೋಗ ಉಲ್ಬಣಿಸುತ್ತದೆ.

ಇದು ಹವ್ಯಾಸಿಗಳ ಖಾಸಗಿ ತೊಂದರೆ ಮಾತ್ರವಲ್ಲ. ಸಮುದ್ರದ ಟ್ಯಾಂಕಿಗೆ ಆರ್‌ಒ ನೀರೇ ಬೇಕು, ಮತ್ತು ಒಂದು ಲೀಟರ್ ಆರ್‌ಒ ನೀರು ಪಡೆಯಲು ಮನೆಯ ಯಂತ್ರಗಳು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ನೀರನ್ನು ಹೊರಚೆಲ್ಲುತ್ತವೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತರುವ ಊರು ನಮ್ಮದು. 2024ರ ಮಾರ್ಚ್‌ನಲ್ಲಿ ವಾಹನ ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದ್ದನ್ನು ಯಾರೂ ಮರೆತಿಲ್ಲ. ಹವಳಕ್ಕೆ ಹಾನಿ ಮಾಡುವ ಅನಗತ್ಯ ನೀರು ಬದಲಾವಣೆಗೆ ಅಷ್ಟು ನೀರು ಪೋಲಾಗುವುದನ್ನು ನಾನು ಒಪ್ಪಲಾರೆ. ಹಾಗೆಂದು ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಇರುತ್ತದಲ್ಲವೇ ಎಂದು ಅದನ್ನೇ ಸುರಿಯುವುದೂ ಸಲ್ಲದು. ಅದರೊಂದಿಗೆ ಇನ್ನೇನೇನು ಬರುತ್ತದೆಂದು ಹೇಳಲಾಗದು.

ಪರಿಹಾರ ದುಬಾರಿಯಲ್ಲ, ಆದರೆ ಆತುರ ಕೂಡದು. ಮೃದು ಹವಳಗಳ ಟ್ಯಾಂಕಿಗೆ ಲೀಟರಿಗೆ 5ರಿಂದ 10 ಮಿಲಿಗ್ರಾಂ ನೈಟ್ರೇಟ್, 0.03ರಿಂದ 0.1 ಮಿಲಿಗ್ರಾಂ ಫಾಸ್ಫೇಟ್ ಇದ್ದರೆ ಒಳ್ಳೆಯದೆಂದು ಅನುಭವಸ್ಥರು ಸಾಮಾನ್ಯವಾಗಿ ಒಪ್ಪುತ್ತಾರೆ. ಮೊದಲು ಫಾಸ್ಫೇಟ್ ಹೀರುವ ಹರಳುಗಳನ್ನು ತೆಗೆಯಬೇಕು, ಸ್ಕಿಮ್ಮರ್ ಓಡುವ ಗಂಟೆಗಳನ್ನು ಇಳಿಸಬೇಕು, ಮೀನಿಗೆ ಆಹಾರವನ್ನು ಸ್ವಲ್ಪ ಹೆಚ್ಚಿಸಬೇಕು. ಅದೂ ಸಾಲದಾದರೆ ಶುದ್ಧ ಸೋಡಿಯಂ ನೈಟ್ರೇಟನ್ನು ತೂಗಿ ಹಾಕಬಹುದು: ಐವತ್ತು ಲೀಟರ್ ನೀರಿನಲ್ಲಿ ನೈಟ್ರೇಟನ್ನು ಲೀಟರಿಗೆ 2 ಮಿಲಿಗ್ರಾಂ ಏರಿಸಲು ಅದು ಸುಮಾರು 0.14 ಗ್ರಾಂ ಸಾಕು, ಆದ್ದರಿಂದ ಕಣ್ಣಂದಾಜಿಗೆ ಇಲ್ಲಿ ಎಡೆಯಿಲ್ಲ. ಹೊಸ ಒಣಕಲ್ಲುಗಳಿರುವ ಟ್ಯಾಂಕಿನಲ್ಲಿ ಫಾಸ್ಫೇಟ್ ಹಾಕಿದ ಮರುದಿನವೇ ಮತ್ತೆ ಸೊನ್ನೆ ತೋರಿಸಬಹುದು; ಸುಣ್ಣದ ಕಲ್ಲು ಅದನ್ನು ಹೀರಿಕೊಳ್ಳುತ್ತದೆಯೇ ಹೊರತು ಲೆಕ್ಕ ತಪ್ಪಿರುವುದಿಲ್ಲ. ಕಲ್ಲಿನ ತುಂಬ ಹಸಿರು ಕೂದಲು ಪಾಚಿ ಬೆಳೆದಿದ್ದೂ ಪರೀಕ್ಷೆ ಸೊನ್ನೆ ತೋರಿಸಿದರೆ, ಪೋಷಕಾಂಶವನ್ನೆಲ್ಲ ಆ ಪಾಚಿ ನುಂಗುತ್ತಿದೆ ಎಂದು ತಿಳಿದು ಮೊದಲು ಅದನ್ನು ಕೈಯಿಂದ ಕೀಳಬೇಕು. ಲೆದರ್ ಕೋರಲ್ ಮೈಮೇಲಿನ ಮೇಣದಂಥ ಪೊರೆಯನ್ನು ಕಳಚುವಾಗ ಕೆಲವು ದಿನ ಮುಚ್ಚಿಕೊಳ್ಳುವುದು ಅದರ ಸಹಜ ಸ್ವಭಾವ. ಅದನ್ನು ಹಸಿವೆಂದು ಭಾವಿಸಿ ಏನೇನನ್ನೋ ಸುರಿಯಬಾರದು.

ಸತ್ತ ಹವಳದ ಜಾಗಕ್ಕೆ ಮತ್ತೊಂದನ್ನು ಕೊಳ್ಳುತ್ತಾರೆ, ಅದು ಎಷ್ಟೋ ಸಲ ಯಾವುದೋ ಸಮುದ್ರದಿಂದ ಕಿತ್ತು ತಂದದ್ದಾಗಿರುತ್ತದೆ. ಆದ್ದರಿಂದ ಹವಳ ಮಾರುವ ಅಂಗಡಿಗಳು ಪ್ರತಿ ಮಾರಾಟದೊಂದಿಗೂ ಆ ಜಾತಿಗೆ ಬೇಕಾದ ನೈಟ್ರೇಟ್, ಫಾಸ್ಫೇಟ್ ಮಟ್ಟವನ್ನು ಕನ್ನಡದಲ್ಲಿ ಬರೆದ ಒಂದು ಚೀಟಿ ಕೊಡಲಿ. ಕಡಿಮೆ ಮಟ್ಟದ ಫಾಸ್ಫೇಟನ್ನು ನಿಖರವಾಗಿ ಅಳೆಯುವ ಉಪಕರಣವೊಂದನ್ನು ಅಂಗಡಿಯಲ್ಲಿಟ್ಟು ಗಿರಾಕಿಗಳ ನೀರನ್ನು ಪರೀಕ್ಷಿಸಿಕೊಡಲಿ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ತಜ್ಞರು ಸಮುದ್ರ ಅಕ್ವೇರಿಯಂ ಸಾಕುವವರಿಗಾಗಿ ಸರಳ ಕನ್ನಡದಲ್ಲಿ ಒಂದು ಕೈಪಿಡಿ ಬರೆದುಕೊಡಬೇಕೆಂದೂ, ಅವರ ಲೇಖನಗಳಿಗೆ ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಸ್ಥಳ ಸಿಗಬೇಕೆಂದೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಬಸವನಗುಡಿ, ಬೆಂಗಳೂರು