‘ಸ್ವಲ್ಪದರಲ್ಲಿ ತಪ್ಪಿತು’ ಎಂದು ಬರೆದವರಿಗೆ

ಪೀಣ್ಯದಲ್ಲಿರುವ ನಮ್ಮ ಸಣ್ಣ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಯಾರ ಕೈಗೂ ಪೆಟ್ಟಾಗದೆ, ಈ ಸಲದ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ಮೂರು ವರ್ಷ ತುಂಬಿತು. ಅಂದು ಎಲ್ಲರಿಗೂ ಸಿಹಿ ಹಂಚಿದೆವು. ನಾನು ಹೇಳಬೇಕೆಂದಿದ್ದ ಮಾತು ಮಾತ್ರ ಗಂಟಲು ಕಟ್ಟಿ ಅರ್ಧಕ್ಕೇ ನಿಂತಿತು. ಅದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಆ ಮೂರು ವರ್ಷಗಳಿಗೆ ಮುಂಚಿನ ಚಳಿಗಾಲದಲ್ಲಿ, ಹದಿನಾರು ವರ್ಷಗಳಿಂದ ನಮ್ಮೊಂದಿಗಿದ್ದ ಆಪರೇಟರ್ ಒಬ್ಬರು ತಗಡನ್ನು ಒತ್ತಿ ಕತ್ತರಿಸುವ ಪವರ್ ಪ್ರೆಸ್ಸಿಗೆ ಸಿಕ್ಕಿ ಬಲಗೈ ತೋರುಬೆರಳಿನ ಎರಡು ಗೆಣ್ಣುಗಳನ್ನು ಕಳೆದುಕೊಂಡರು. ಪೆಡಲ್ ತುಳಿದದ್ದು ಒಮ್ಮೆ, ಪ್ರೆಸ್ ಬಿದ್ದದ್ದು ಎರಡು ಸಲ. ಡೈಗೆ, ಅಂದರೆ ಪ್ರೆಸ್ಸಿನ ಅಚ್ಚಿಗೆ, ಕಚ್ಚಿಕೊಂಡಿದ್ದ ತಗಡಿನ ಬಿಲ್ಲೆಯನ್ನು ತೆಗೆಯಲು ಅವರು ಕೈ ಹಾಕಿದ್ದು ಆ ಎರಡು ಹೊಡೆತಗಳ ನಡುವೆ. ತಿರುಗುವ ಚಕ್ರಕ್ಕೆ ಪ್ರೆಸ್ಸನ್ನು ಜೋಡಿಸುವ ಕ್ಲಚ್ಚಿನ ಸ್ಪ್ರಿಂಗ್ ಸವೆದರೆ ಹಳೆಯ ಕೀ ಕ್ಲಚ್ (ಲೋಹದ ಕೀಲಿಯಿಂದ ಕಚ್ಚುವ ಕ್ಲಚ್) ಪ್ರೆಸ್‌ಗಳು ಹೀಗೆ ತಾವಾಗಿಯೇ ಇನ್ನೊಂದು ಹೊಡೆತ ಹೊಡೆಯುತ್ತವೆ ಎಂಬುದು ಈ ಕಸುಬಿನಲ್ಲಿರುವವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ‘ಪ್ರೆಸ್ಸು ಡಬಲ್ ಹೊಡೀತಿದೆ ಸಾರ್’ ಎಂದು ಎರಡು ದಿನ ಮೊದಲೇ ಅವರು ಹೇಳಿದ್ದರು. ಈ ಲಾಟ್ ಒಂದು ಮುಗಿಯಲಿ ಎಂದವನು ನಾನು.

ತೋರುಬೆರಳಿನ ಎರಡು ಗೆಣ್ಣು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 11ರಷ್ಟು ನಷ್ಟ ಎಂಬುದು ಇಎಸ್‌ಐ (ನೌಕರರ ರಾಜ್ಯ ವಿಮಾ) ಕಾಯ್ದೆಯ ಅನುಸೂಚಿಯ ಲೆಕ್ಕವಾಗಿತ್ತು. ಅದರಂತೆ ಅವರಿಗೆ ಬರಬೇಕಾದ ಹಣ ಬಂದಿತು. ಆದರೆ ಮುದ್ದೆ ಮುರಿದು ಸಾರಿನಲ್ಲಿ ಅದ್ದುವುದನ್ನು ಅವರು ಉಳಿದ ಬೆರಳುಗಳಿಂದ ಹೊಸದಾಗಿ ಕಲಿಯಬೇಕಾಯಿತು. ಅವರ ಮನೆಗೆ ಹೋದ ದಿನ ಅದನ್ನು ಎದುರಿಗೆ ಕುಳಿತು ಕಂಡೆ. ನನ್ನನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದ ಅವರ ಮನೆಯವರಿಗೆ ನನ್ನ ಮೊದಲ ನಮಸ್ಕಾರ. ಗಾಯವನ್ನು ತಿಂಗಳುಗಟ್ಟಲೆ ನೋಡಿಕೊಂಡ ಆಸ್ಪತ್ರೆಯ ಶುಶ್ರೂಷಕಿಯರಿಗೂ ನಾನು ಋಣಿ.

ಆ ಬಳಿಕ ಆತುರದಲ್ಲಿ ಎಲ್ಲ ಪ್ರೆಸ್‌ಗಳಿಗೂ ಲೈಟ್ ಕರ್ಟನ್, ಅಂದರೆ ಕೈ ಅಡ್ಡ ಬಂದರೆ ಗುರುತಿಸುವ ಬೆಳಕಿನ ಪರದೆ, ಹಾಕಿಸಲು ಹೊರಟಿದ್ದೆ. ನಿವೃತ್ತ ಕಾರ್ಖಾನೆ ನಿರೀಕ್ಷಕರೊಬ್ಬರು ಒಂದು ಪೈಸೆಯನ್ನೂ ಪಡೆಯದೆ ಮೂರು ಶನಿವಾರ ನಮ್ಮಲ್ಲಿಗೆ ಬಂದು ನನ್ನನ್ನು ತಡೆದರು. ಕೀ ಕ್ಲಚ್ ಒಮ್ಮೆ ಕಚ್ಚಿತೆಂದರೆ ಪೂರ್ತಿ ಒಂದು ಸುತ್ತು ಮುಗಿಯುವವರೆಗೆ ಪ್ರೆಸ್ ನಿಲ್ಲುವುದಿಲ್ಲ. ಬೆಳಕಿನ ಪರದೆ ಕೈಯನ್ನು ಗುರುತಿಸಿದರೂ ನಿಲ್ಲಿಸಲು ಅಲ್ಲಿ ಏನೂ ಇರುವುದಿಲ್ಲ ಎಂದು ಪ್ರೆಸ್ಸಿನ ಭಾರದ ಚಕ್ರವಾದ ಫ್ಲೈವ್ಹೀಲನ್ನು ಕೈಯಿಂದಲೇ ತಿರುಗಿಸಿ ತೋರಿಸಿದರು. ಅವರು ಹೇಳಿದಂತೆ ಹಳೆಯ ಪ್ರೆಸ್‌ಗಳಿಗೆ ತಗಡು ನುಸುಳಿ ಬೆರಳು ನುಸುಳದಷ್ಟು ಕಿರಿದಾದ ಸಂದಿರುವ ಗಾರ್ಡ್ ಕೂರಿಸಿದೆವು. ಹೊಡೆತದ ನಡುವೆಯೂ ನಿಲ್ಲಿಸಬಹುದಾದ ನ್ಯೂಮ್ಯಾಟಿಕ್ (ಗಾಳಿಯ ಒತ್ತಡದ) ಕ್ಲಚ್ ಇರುವ ಎರಡು ಪ್ರೆಸ್‌ಗಳಿಗೆ ಮಾತ್ರ ಲೈಟ್ ಕರ್ಟನ್ನನ್ನೂ, ಎರಡು ಕೈಗಳಿಂದ ಒಟ್ಟಿಗೆ ಒತ್ತಿದರಷ್ಟೇ ಕೆಲಸ ಮಾಡುವ ಗುಂಡಿಗಳನ್ನೂ ಅಳವಡಿಸಿದೆವು. ಅಪಾಯಕಾರಿ ಯಂತ್ರಭಾಗಗಳಿಗೆ ಭದ್ರವಾದ ಆವರಣ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಪ್ರಕರಣದಲ್ಲೇ ಬರೆದಿತ್ತು. ಅದನ್ನು ಪಾಲಿಸಲು ನಾನು ಒಬ್ಬರ ಬೆರಳು ಹೋಗುವವರೆಗೆ ಕಾದೆನೆಂಬ ಸಂಕಟ ಇಂದಿಗೂ ಹೋಗಿಲ್ಲ.

ಗಾರ್ಡ್ ಹಾಕಿದ ಮೇಲೆ ದಿನದ ಉತ್ಪಾದನೆ ಇಳಿಯಿತು. ತುಂಡಿನ ಲೆಕ್ಕದ ಇನ್ಸೆಂಟಿವ್ ಇರುವವರೆಗೆ ಅವಸರದಲ್ಲಿ ಯಾರಾದರೊಬ್ಬರು ಗಾರ್ಡ್ ಬಿಚ್ಚಿಯೇ ಬಿಚ್ಚುತ್ತಾರೆ ಎಂದು ನಮ್ಮ ಸೂಪರ್‌ವೈಸರ್ ಮುಖಕ್ಕೆ ಹೇಳಿದರು. ಅದನ್ನು ರದ್ದುಮಾಡಿ ಆ ಮೊತ್ತವನ್ನು ಸಂಬಳಕ್ಕೇ ಸೇರಿಸಿದೆವು. ಆ ದಿನಗಳಲ್ಲಿ ಎರಡು ವಾರದ ಹೆಚ್ಚುವರಿ ಗಡುವು ಕೊಟ್ಟ ಗ್ರಾಹಕರ ಉಪಕಾರ ದೊಡ್ಡದು.

ಆದರೂ ಯಂತ್ರಕ್ಕೆ ಹಾಕಿದ ಗಾರ್ಡಿಗಿಂತ ಹೆಚ್ಚಾಗಿ ನಮ್ಮನ್ನು ಕಾಯ್ದದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ ಎಂದೇ ನನ್ನ ನಂಬಿಕೆ. ಹಾಜರಿ ಪುಸ್ತಕದ ಪಕ್ಕದಲ್ಲಿ ದಾರ ಕಟ್ಟಿ ತೂಗುಹಾಕಿದ ಅದರಲ್ಲಿ, ಪೆಟ್ಟಾಗದಿದ್ದರೂ ಆಗಬಹುದಾಗಿದ್ದ ಪ್ರಸಂಗಗಳನ್ನು ಯಾರು ಬೇಕಾದರೂ ಬರೆಯಬಹುದು. ಬರೆದವರಿಗೆ ಬೈಗುಳವಿಲ್ಲ ಎಂದು ಮಾತು ಕೊಟ್ಟಿದ್ದೆವು. ಮೊದಲ ಮೂರು ವಾರ ಹಾಳೆ ಖಾಲಿಯಾಗಿಯೇ ಇತ್ತು. ಕೊನೆಗೆ ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿದ್ದ ಒಡಿಶಾದ ಹುಡುಗನೊಬ್ಬ, ಡೈ ಎತ್ತುವ ಸರಪಳಿಯ ಕೊಂಡಿ ಬಾಗಿದೆ, ಡೈ ಜಾರಿತ್ತು, ಸ್ವಲ್ಪದರಲ್ಲಿ ತಪ್ಪಿತು ಎಂದು ರಾಯಚೂರಿನ ಗೆಳೆಯನ ಕೈಯಲ್ಲಿ ಕನ್ನಡದಲ್ಲಿ ಬರೆಸಿದ. ಆ ಸರಪಳಿಯನ್ನು ಅಂದೇ ಮಧ್ಯಾಹ್ನ ಬದಲಿಸಿದೆವು. ಮರುದಿನ ಪುಸ್ತಕದಲ್ಲಿ ಐದು ಬರಹಗಳಿದ್ದವು. ಡ್ರಿಲ್ಲಿಂಗ್ ಯಂತ್ರದ ಮುಂದೆ ನಾವೇ ಕೊಟ್ಟಿದ್ದ ಗ್ಲೌಸಿನ ದಾರ ಬಿಟ್‌ಗೆ ಸುತ್ತಿ ಕೈಯನ್ನೇ ಎಳೆಯುತ್ತದೆ, ಅಲ್ಲಿ ಗ್ಲೌಸ್ ಬೇಡ ಎಂದು ಬರೆದು ನಮ್ಮ ತಪ್ಪನ್ನು ತಿದ್ದಿದವರು ಅಸೆಂಬ್ಲಿ ವಿಭಾಗದ ಅಕ್ಕ. ಆ ಹುಡುಗನಿಗೂ, ಆ ಅಕ್ಕನಿಗೂ, ಈಗ ನಾಲ್ಕನೆಯದಾಗಿರುವ ಆ ಪುಸ್ತಕದಲ್ಲಿ ಒಂದು ಸಾಲನ್ನಾದರೂ ಬರೆದ ಪ್ರತಿಯೊಬ್ಬರಿಗೂ ನಾನು ಕೈಮುಗಿಯುತ್ತೇನೆ.

ಬೆರಳು ಕಳೆದುಕೊಂಡವರು ಐದು ತಿಂಗಳ ನಂತರ ತಾವಾಗಿಯೇ ಕೆಲಸಕ್ಕೆ ಮರಳಿದರು. ಕೂತು ಮಾಡುವ ಕೆಲಸ ಕೊಡುತ್ತೇನೆಂದರೆ ಒಪ್ಪಲಿಲ್ಲ. ಪ್ರೆಸ್‌ಗಳ ಮೇಲ್ವಿಚಾರಣೆಯನ್ನೇ ಕೇಳಿ ಪಡೆದರು. ಈಗ ಬೆಳಗ್ಗೆ ಶಿಫ್ಟ್ ಶುರುವಾಗುವ ಮುನ್ನ ಅವರು ಪ್ರತಿಯೊಂದು ಪ್ರೆಸ್ಸನ್ನೂ ಖಾಲಿಯಾಗಿ ಹತ್ತು ಸಲ ಹೊಡೆಸಿ, ತಲೆ ಬಗ್ಗಿಸಿ ಕ್ಲಚ್ಚಿನ ಸದ್ದಿಗೆ ಕಿವಿಗೊಡುತ್ತಾರೆ. ಆಮೇಲೆ ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಪೆನ್ನು ಹಿಡಿದು ಕಾರ್ಡಿಗೆ ಸಹಿ ಹಾಕುತ್ತಾರೆ. ಆ ಸಹಿ ಬೀಳುವವರೆಗೆ ನಾನು ಸೇರಿದಂತೆ ಯಾರೂ ಪ್ರೆಸ್ ಮುಟ್ಟುವಂತಿಲ್ಲ.