ಗುಂಗು ಕತ್ತರಿಸಿದರೆ ಡೂಮ್ ಉಳಿಯದು

ಮಾನ್ಯರೆ,

ಹೆವಿ ಮೆಟಲ್‌ನ ನಿಧಾನಗತಿಯ, ಭಾರವಾದ ಪ್ರಕಾರವಾದ ಡೂಮ್ ಮೆಟಲ್‌ನ ತಂಡವೊಂದರ ಲೈವ್ ಆಲ್ಬಂ ಕುರಿತು ನಿಮ್ಮ ಸಂಗೀತ ಪುಟದಲ್ಲಿ ಬಂದ ಟಿಪ್ಪಣಿ ಓದಿದೆ. ‘ಆಂಪ್ಲಿಫೈಯರ್‌ನ ಗುಂಯ್‌ಗುಡುವ ಸದ್ದು ಹಾಗೇ ಉಳಿದಿದೆ, ತೆಗೆದುಹಾಕಬೇಕಿತ್ತು’ ಎಂಬ ಆಕ್ಷೇಪ ಅದರಲ್ಲಿದೆ. ಅದು ಉಳಿದದ್ದೇ ಸರಿ.

ನಿಮಿಷಕ್ಕೆ 180 ಬಡಿತದ, ವೇಗದ ಥ್ರ್ಯಾಶ್ ಮೆಟಲ್‌ನಲ್ಲಿ ಬಡಿತದಿಂದ ಬಡಿತಕ್ಕೆ ಸಿಗುವುದು ಸೆಕೆಂಡಿನ ಮೂರನೇ ಒಂದು ಪಾಲು. 50 ಬಡಿತದ ಡೂಮ್‌ನಲ್ಲಿ 1.2 ಸೆಕೆಂಡ್. ಒಂದು ಕಾರ್ಡ್ (ಒಟ್ಟಿಗೆ ಮೀಟಿದ ಸ್ವರಗುಚ್ಛ) ನಾಲ್ಕು ಬಡಿತ ನಿಂತರೆ ಹತ್ತಿರ ಹತ್ತಿರ 5 ಸೆಕೆಂಡ್ ಆಯಿತು. ಅಷ್ಟು ಹೊತ್ತು ಕಿವಿಗೆ ಬೀಳುವುದು ತಂತಿಯ ನಾದ ಕುಗ್ಗುತ್ತ ಹೋಗುವುದು, ಸ್ಪೀಕರಿನ ಸದ್ದು ಮತ್ತೆ ಗಿಟಾರಿಗೇ ತಾಗಿ ಫೀಡ್‌ಬ್ಯಾಕ್ ಮೆಲ್ಲಗೆ ಏಳುವುದು, ಸಭಾಂಗಣದ ಮಾರ್ದನಿ. ಹಾಡಿನ ಅರ್ಧ ಅಲ್ಲೇ ಇದೆ.

ಇದನ್ನು ಕೆಡಿಸುವುದು ನಾಯ್ಸ್ ಗೇಟ್. ಸದ್ದು ನಿಗದಿತ ಮಟ್ಟಕ್ಕಿಂತ ಇಳಿದ ಕೂಡಲೇ ಗೇಟ್ ಬಾಗಿಲು ಹಾಕಿಬಿಡುತ್ತದೆ. ಡ್ರಮ್‌ನ ಟಾಮ್‌ಗಳಿಗೆ ಸರಿ, ಗಿಟಾರಿಗೆ ಅನಾಹುತ. ಕಾರ್ಡ್ ಇನ್ನೂ ಉಸಿರಾಡುತ್ತಿರುವಾಗಲೇ ಕತ್ತು ಹಿಸುಕಿದಂತೆ ನಿಲ್ಲುತ್ತದೆ. ಮುಂದಿನ ಹೊಡೆತಕ್ಕೆ ಆಂಪ್‌ನ ಗುಂಯ್ ದಿಢೀರನೆ ಮರಳುತ್ತದೆ. ಒಂದೇ ಸಮ ಇರುವ ಗುಂಯ್ ಎರಡು ನಿಮಿಷದಲ್ಲಿ ಮರೆತುಹೋಗುತ್ತದೆ, ಬಂದು ಹೋಗುವ ಗುಂಯ್ ಕೊನೆಯವರೆಗೂ ಚುಚ್ಚುತ್ತದೆ. ಗಿಟಾರ್ ಟ್ರ್ಯಾಕ್‌ಗಳನ್ನು ತೆರೆದೇ ಇಟ್ಟು, ಹಾಡು ಪೂರ್ತಿ ಮುಗಿದ ಮೇಲೆ ಕೈಯಿಂದ ಫೇಡ್ ಮಾಡಿದರೆ ಸಾಕು.

ಇನ್ನು ಶ್ರುತಿ. ಬ್ಲ್ಯಾಕ್ ಸ್ಯಾಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಂನ ಹಲವು ಹಾಡುಗಳಿಗೆ ಗಿಟಾರನ್ನು ಮೂರು ಅರೆಸ್ವರ ಇಳಿಸಿದರು. ಕಾರ್ಖಾನೆಯ ಅವಘಡದಲ್ಲಿ ಬೆರಳ ತುದಿ ಕಳೆದುಕೊಂಡಿದ್ದ ಅವರಿಗೆ ಸಡಿಲ ತಂತಿ ಒತ್ತುವುದು ಸುಲಭವಾಗಿತ್ತು. ಹೀಗೆ ಇಳಿಸಿದಾಗ ಗಿಟಾರಿನ ದಪ್ಪ ತಂತಿ 82.4 ಹರ್ಟ್ಜ್‌ನಿಂದ 69.3ಕ್ಕೆ ಬರುತ್ತದೆ; ಅದೇ ತಂತಿಯಾದರೆ ಬಿಗಿ ಸುಮಾರು ಶೇ 29ರಷ್ಟು ಕಡಿಮೆ. ಸಡಿಲ ತಂತಿಯನ್ನು ಜೋರಾಗಿ ಮೀಟಿದರೆ ಸ್ವರ ಮೊದಲು ಮೇಲೆ ಹಾರಿ ಆಮೇಲೆ ಜಾಗಕ್ಕೆ ಕೂರುತ್ತದೆ. ಎರಡು ಗಿಟಾರುಗಳ ನಡುವೆ 1 ಹರ್ಟ್ಜ್ ವ್ಯತ್ಯಾಸವಿದ್ದರೂ ಸೆಕೆಂಡಿಗೊಮ್ಮೆ ‘ವೌಂ... ವೌಂ...’ ಎಂಬ ಅಲೆ ಏಳುತ್ತದೆ. ವೇಗದ ಹಾಡಿನಲ್ಲಿ ಅದು ಮುಚ್ಚಿಹೋಗುತ್ತದೆ, ಇಲ್ಲಿ 5 ಸೆಕೆಂಡ್ ಬೆತ್ತಲೆ ನಿಲ್ಲುತ್ತದೆ. ಒಂದರ ಸದ್ದು ಇನ್ನೊಂದರ ಮೈಕಿಗೆ ಸೋರಿರುವುದರಿಂದ ಸ್ಟುಡಿಯೋದಲ್ಲಿ ತಿದ್ದುವುದೂ ಕಷ್ಟ. 12–56ರಂಥ (0.012ರಿಂದ 0.056 ಇಂಚಿನ) ದಪ್ಪ ತಂತಿ ಹಾಕಿ, ದೀಪದ ಬಿಸಿಗೆ ಗಿಟಾರ್ ಹೊಂದಿಕೊಂಡ ಮೇಲೆ ವೇದಿಕೆಯಲ್ಲೇ ಇನ್ನೊಮ್ಮೆ ಶ್ರುತಿ ಮಾಡಿಕೊಳ್ಳಬೇಕು. ಹಾಡುಗಳ ನಡುವೆ ಶ್ರುತಿ ಮಾಡುವ ಆ ನಿಮಿಷವೂ ಆಲ್ಬಂನಲ್ಲಿ ಇರಲಿ, ನಷ್ಟವೇನಿಲ್ಲ.

ಬೇಸ್ ಗಿಟಾರಿನದು ಬೇರೆ ತಾಪತ್ರಯ. ಅದರ ತಳದ ಸ್ವರ ಇಲ್ಲಿ 34.6 ಹರ್ಟ್ಜ್, ಅಲೆಯ ಉದ್ದ 10 ಮೀಟರಿಗೆ ಹತ್ತಿರ. ಹಾಗಾಗಿ ಒಂದೇ ಸಭಾಂಗಣದಲ್ಲಿ ಗೋಡೆ ಪಕ್ಕ ನಿಂತವನ ಎದೆ ನಡುಗುತ್ತಿದ್ದರೆ, ಕೆಲವೇ ಹೆಜ್ಜೆ ಆಚೆಗಿನವನಿಗೆ ಬೇಸ್ ಕೇಳಿಸುವುದೇ ಇಲ್ಲ. ಸಭಾಂಗಣದ ಮೈಕ್‌ಗಳನ್ನು ನಂಬಿ ಬೇಸ್ ಹಿಡಿಯಲಾಗದು. ಗಿಟಾರಿನ ವಿದ್ಯುತ್ ಸಂಕೇತವನ್ನು ಮೈಕಿಲ್ಲದೆ ಕೊಡುವ ಡಿಐ ಬಾಕ್ಸ್‌ನಿಂದ ನೇರ ಒಂದು ಟ್ರ್ಯಾಕ್, ಸ್ಪೀಕರ್ ಕ್ಯಾಬಿನೆಟ್ ಎದುರಿನ ಮೈಕಿನಿಂದ ಇನ್ನೊಂದು ಬೇಕು. ಮೈಕ್ 1 ಮೀಟರ್ ದೂರವಿದ್ದರೆ ಅದರ ಸದ್ದು 2.9 ಮಿಲಿಸೆಕೆಂಡ್ ತಡ. ಎರಡನ್ನೂ ಹಾಗೇ ಬೆರೆಸಿದರೆ 170 ಹರ್ಟ್ಜ್ ಆಸುಪಾಸಿನಲ್ಲಿ ಒಂದನ್ನೊಂದು ತಿಂದುಹಾಕಿ ಬೇಸ್ ಟೊಳ್ಳಾಗುತ್ತದೆ. ಮೈಕಿನ ಟ್ರ್ಯಾಕನ್ನು ಅಷ್ಟು ಮುಂದಕ್ಕೆ ಸರಿಸಬೇಕು. ‘ಬೇಸ್ ತೆಳುವಾಗಿದೆ’ ಎಂದು ಈಕ್ವಲೈಸರ್ ತಿರುಗಿಸುತ್ತಾ ಕೂತವರಲ್ಲಿ ಎಷ್ಟೋ ಮಂದಿ ಇದನ್ನು ನೋಡಿಯೇ ಇರುವುದಿಲ್ಲ.

ಜನರ ಕೂಗು ಹಿಡಿಯುವ ಮೈಕ್ ವೇದಿಕೆಯಿಂದ 20 ಮೀಟರ್ ಹಿಂದಿದ್ದರೆ ತಡ 58 ಮಿಲಿಸೆಕೆಂಡ್. ಸ್ನೇರ್ ಡ್ರಮ್ ಎರಡು ಸಲ ಬಡಿದಂತೆ ಕೇಳುತ್ತದೆ. ಅದನ್ನು ಪೂರ್ತಿ ಸರಿಹೊಂದಿಸದೆ 10–15 ಮಿಲಿಸೆಕೆಂಡ್ ಉಳಿಸಿದರೆ ಸಭಾಂಗಣದ ಆಳವೂ ಉಳಿಯುತ್ತದೆ. ಆ ಮೈಕ್‌ಗಳಲ್ಲಿ 120 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ತಳ ಕೆಸರಾಗದು.

ಕೊನೆಯ ಹಂತದ ಮಾಸ್ಟರಿಂಗ್‌ನಲ್ಲಿ, ಸದ್ದಿನ ಏರನ್ನು ತಡೆಯುವ ಲಿಮಿಟರ್ ಅತಿಯಾದರೆ ಕಾರ್ಡ್‌ನ ಹೊಡೆತ ಕುಗ್ಗಿ ಬಾಲ ಉಬ್ಬುತ್ತದೆ, ಎಲ್ಲವೂ ಒಂದೇ ಎತ್ತರದ ಗೋಡೆ. ಎಲ್‌ಪಿಗೆ ಇನ್ನೊಂದು ಮಿತಿಯಿದೆ. ತುಂಬು ಬೇಸ್ ಇರುವ ಸಂಗೀತಕ್ಕೆ ಒಂದು ಬದಿಗೆ 18–20 ನಿಮಿಷ ಹಿತ. 25 ನಿಮಿಷ ತುರುಕಿದರೆ ಗೆರೆಗಳು ಒತ್ತೊತ್ತಾಗಿ, ಸದ್ದಿನ ಮಟ್ಟ ಇಳಿಸಿ ಕೆತ್ತಬೇಕಾಗುತ್ತದೆ. ಆಗ ಡೂಮ್‌ನ ಮೆಲುದನಿಯೆಲ್ಲ ಮುಳ್ಳಿನ ಚರಪರದಲ್ಲಿ ಮುಳುಗುತ್ತದೆ. ಡೂಮ್‌ನ ನಂಟಿರುವ, ಸ್ವರವನ್ನು ಎಳೆದು ನಿಲ್ಲಿಸುವ ಡ್ರೋನ್ ಸಂಗೀತದ ತಂಡ ‘ಸನ್’, 2007ರಲ್ಲಿ ನಾರ್ವೆಯ ಬೆರ್ಗೆನ್ ಕ್ಯಾಥೆಡ್ರಲ್‌ನಲ್ಲಿ ನುಡಿಸಿದ್ದನ್ನು ಎರಡು ಎಲ್‌ಪಿಗಳಲ್ಲಿ ಬದಿಗೊಂದರಂತೆ ನಾಲ್ಕು ತುಣುಕಾಗಿ ತಂದಿತು. ಕಲ್ಲಿನ ಕಟ್ಟಡದ ಮಾರ್ದನಿಯೇ ಅಲ್ಲಿ ಇನ್ನೊಂದು ವಾದ್ಯ.

ಟಿಪ್ಪಣಿಕಾರರು ಆ ಆಲ್ಬಂನ ಯಾವುದಾದರೂ ಹಾಡಿನ ಕೊನೆಯ 15 ಸೆಕೆಂಡನ್ನು ಹೆಡ್‌ಫೋನ್‌ನಲ್ಲಿ ಮತ್ತೊಮ್ಮೆ ಕೇಳಲಿ. ಗುಂಯ್ ಸದ್ದಿನೊಳಗೆ ಕಾರ್ಡ್ ಕರಗುತ್ತಾ ಹೋಗಿ, ಜನ ಎಲ್ಲಿ ಚಪ್ಪಾಳೆ ಶುರುಮಾಡಬೇಕೆಂದು ತಿಳಿಯದೆ ತಡೆದು ನಿಂತದ್ದು ಕೇಳಿಸುತ್ತದೆಯೇ ಎಂದು ನೋಡಲಿ.

– ಓದುಗ